ಉಪ್ಪು ನೀರಿನ ಗಂಟೆ

"ಗುರುಗಳೇ, ನನ್ನ ಯಂತ್ರದಲ್ಲಿ ಎರಡು ಪುಟ್ಟ ತಗಡುಗಳು, ನಡುವೆ ಕೂದಲೆಳೆಗಿಂತ ಕಿರಿದಾದ ಅಂತರ. ವಿದ್ಯುತ್ತು ಕೊಟ್ಟರೆ ಒಂದನ್ನೊಂದು ಸೆಳೆದುಕೊಂಡು, ರೋಗಿಗೆ ಹೋಗುವ ಔಷಧವನ್ನು ತಕ್ಕ ಹೊತ್ತಿಗೆ ತಡೆಯುತ್ತವೆ. ಕಂಪ್ಯೂಟರಿನಲ್ಲಿ ಸಾವಿರ ಸಲ ನಡೆಸಿದೆ, ಒಮ್ಮೆಯೂ ತಪ್ಪಲಿಲ್ಲ. ಆದರೂ ಕೈಯಾರೆ ಮಾಡಿ ನೋಡು ಎಂದು ಏಕೆ ತಡೆಯುತ್ತೀರಿ?" ಎಂದು ಶಿಷ್ಯ ಕೇಳಿದ.

"ಕೈ ಕೆಸರಾಗದೆ ಬಾಯಿ ಮೊಸರಾಗಲಿ ಎಂದವರಲ್ಲಿ ನೀನೇ ಮೊದಲಿಗನಲ್ಲ. ಕೇಳು" ಎಂದು ಗುರು ಹೇಳತೊಡಗಿದರು.

ಒಂದು ಕಲ್ಲುಗಣಿ. ಅದರ ಮೇಲುಗಡೆ ಅಗೆದು ಬಿಟ್ಟ ಹಳೆಯ ಗುಂಡಿ. ಮಳೆಗಾಲದಲ್ಲಿ ಆ ಗುಂಡಿ ತುಂಬಿದರೆ ನೀರು ಕೆಳಗೆ ಕಲ್ಲು ಒಡೆಯುವವರ ಮೇಲೆ ನುಗ್ಗುತ್ತಿತ್ತು. ಅದಕ್ಕೆಂದೇ ಒಬ್ಬ ಮುದುಕ ದಂಡೆಯಲ್ಲಿ ಕೂತು ನೀರು ಕಾಯುತ್ತಿದ್ದ. ಬಂಡೆಯ ಗುರುತಿಗೆ ನೀರು ಮುಟ್ಟಿದೊಡನೆ ಅವನು ಕೂಗುತ್ತಿದ್ದ, ಎಲ್ಲರೂ ಮೇಲೆ ಹತ್ತುತ್ತಿದ್ದರು.

ಗಣಿಯ ಯಜಮಾನ ಒಬ್ಬ ತಂತಿ ಕೆಲಸದವನನ್ನು ಕರೆಸಿದ. ಅವನು ಬಿದಿರಿಗೆ ಎರಡು ತಾಮ್ರದ ತಂತಿ ಕಟ್ಟಿ, ಅದಕ್ಕೆ ಬ್ಯಾಟರಿ, ಗಂಟೆ ಜೋಡಿಸಿದ. ನೀರು ಎರಡೂ ತಂತಿಗಳನ್ನು ಮುಟ್ಟಿದರೆ ಗಂಟೆ ಮೊಳಗಬೇಕು. ಬಕೆಟ್ಟಿನ ನೀರಿನಲ್ಲಿ ಅದ್ದಿದ. ಗಂಟೆ ಗುಂಯ್ ಎಂದಷ್ಟೇ ಮಾಡಿತು. ಒಂದು ಹಿಡಿ ಉಪ್ಪು ಹಾಕಿದ. ಗಂಟೆ ಗಣಿಯೆಲ್ಲ ಕೇಳುವಂತೆ ಮೊಳಗಿತು. ಎಲ್ಲರೂ ಭೇಷ್ ಎಂದರು.

ಮುದುಕ ಮಾತ್ರ, "ಒಂದ್ಸಲ ಆ ಗುಂಡಿ ನೀರ್ನಾಗೇ ಅದ್ದಿ ನೋಡಪ್ಪ" ಎಂದ.

"ನೀರು ನೀರೇ ತಾತ, ಅದಕ್ಕೇನು ಜಾತಿ ಐತಾ?" ಎಂದು ತಂತಿಯವನು ನಕ್ಕ.

ಅವನು ಮೋಸಗಾರನಲ್ಲ, ಅದನ್ನೂ ಹೇಳಿಬಿಡುತ್ತೇನೆ. ತನ್ನ ಮಾತನ್ನು ಅವನು ನಂಬಿದ್ದ. ಬಿದಿರನ್ನು ಗುಂಡಿಯಲ್ಲಿ ಬಂಡೆಯ ಗುರುತಿನ ಮಟ್ಟಕ್ಕೆ ನೆಟ್ಟ. ಗಂಟೆ ಇರುವಾಗ ಕಾವಲೇಕೆ ಎಂದು ಯಜಮಾನ ಮುದುಕನನ್ನು ಜಲ್ಲಿ ಒಡೆಯಲು ಕೆಳಗಿಳಿಸಿದ.

ಆಷಾಢದಲ್ಲಿ ಮಳೆ ಹಿಡಿಯಿತು. ಗುಂಡಿಯ ನೀರು ಏರಿತು, ಎರಡೂ ತಂತಿಗಳನ್ನು ಮುಳುಗಿಸಿತು. ಗಂಟೆ ಸುಮ್ಮನಿತ್ತು. ಮಳೆ ನೀರು ಸಪ್ಪೆ, ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದಿಲ್ಲ. ನೀರು ನುಗ್ಗಿದ ಮೇಲೆಯೇ ಕೆಳಗಿದ್ದವರಿಗೆ ಗೊತ್ತಾಯಿತು. ಕಾಲಿನಲ್ಲಿ ಕಸುವಿದ್ದವರು ಹತ್ತಿ ಬಂದರು. ಮುದುಕ ಬರಲಿಲ್ಲ.

ಮೂರನೆಯ ದಿನ ತಂತಿಯವನು ಬಂದ. ತನ್ನ ತಪ್ಪಿಲ್ಲವೆಂದು ತೋರಿಸಲು ಅದೇ ಬಕೆಟ್ಟು ತರಿಸಿ, ಅದೇ ರೀತಿ ಉಪ್ಪು ಹಾಕಿ, ತಂತಿ ಅದ್ದಿದ. ಗಂಟೆ ಗಟ್ಟಿಯಾಗಿ ಮೊಳಗಿತು. ಮುದುಕನ ಹೆಂಡತಿ ಅದು ನಿಲ್ಲುವವರೆಗೂ ಕೇಳಿದಳು. ಆಮೇಲೆ, "ಚೆಂದಾಗಿ ಬಾರಿಸ್ತದಪ್ಪ. ಮಳೆರಾಯ ಉಪ್ಪು ಹಾಕ್ಕೊಂಡು ಬರ್ತಾನಾ?" ಎಂದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ನೋವಾಗಿತ್ತು. ಆದರೂ ಅವನು ಬಿಡಲಿಲ್ಲ.

"ಅವನು ಉಪ್ಪು ಸೇರಿಸಿದ್ದು ತಪ್ಪು ಗುರುಗಳೇ. ನಾನು ಕಂಪ್ಯೂಟರಿನಲ್ಲಿ ಹೊರಗಿನದೇನನ್ನೂ ಸೇರಿಸಿಲ್ಲ."

ಗುರು ಅವನ ಮುಖ ನೋಡಿ ಕೇಳಿದರು: "ಆ ತಗಡುಗಳ ನಡುವೆ, ಗಾಳಿಯಲ್ಲಿ ಸದಾ ಇರುವ ಧೂಳಿನ ಒಂದು ಕಣವನ್ನೂ ಸೇರಿಸಲಿಲ್ಲವೇ, ಮಗು?"