ಮಗಳ ಲಂಗದ ಅಳತೆ

"ಬುದ್ಧಿ, ತಾಯಿಯ ಹತ್ತಿರ ಬೆಳೆಯುವ ಮಗುವಿಗೆ ತಂದೆಯಾದವನು ತಿಂಗಳಿಗೆ ಎಷ್ಟು ಕೊಟ್ಟರೆ ನ್ಯಾಯ?" ಎಂದು ಗುರುಮಲ್ಲ ಮಠದ ಸ್ವಾಮಿಗಳನ್ನು ಕೇಳಿದ.

ಕೇಳಿದವನ ಜೇಬಿನಲ್ಲಿ ಉತ್ತರವೂ ಇತ್ತು. ಅವನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ಎರಡು ವರ್ಷವಾಗಿತ್ತು. ಇನ್ನು ಕೂಡಿ ಬಾಳುವುದಿಲ್ಲವೆಂದು ಇಬ್ಬರೂ ಒಪ್ಪಿದ್ದರು. ಮಾರನೆಯ ದಿನ ಎರಡೂ ಕಡೆಯ ಹಿರಿಯರು ಕೂತು ಮಗುವಿನ ಖರ್ಚಿನ ಮಾತು ಮುಗಿಸುವವರಿದ್ದರು. ಗುರುಮಲ್ಲ ಮೂರು ದಿನ ತಲೆ ಕೆಡಿಸಿಕೊಂಡು ಅಕ್ಕಿ, ಬಟ್ಟೆ, ಫೀಜು ಎಂದು ಪಟ್ಟಿ ಬರೆದಿದ್ದ. ಸ್ವಾಮಿಗಳು ಒಂದು ಸಲ ಹೂಂ ಅಂದುಬಿಟ್ಟರೆ ಹಿರಿಯರ ಬಾಯಿ ಮುಚ್ಚಿಸಬಹುದು ಎಂಬುದು ಅವನ ಆಸೆ.

ಅವನು ಜೇಬಿನಿಂದ ತೆಗೆದುಕೊಟ್ಟ ಪಟ್ಟಿಯನ್ನು ಸ್ವಾಮಿಗಳು ಬಿಡಿಸಲೇ ಇಲ್ಲ. ಮಡಿಸಿದ್ದ ಹಾಗೇ ತೊಡೆಯ ಮೇಲಿಟ್ಟುಕೊಂಡು, "ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನಿಗೂ ಅವನ ಹೆಂಡತಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಸಾಕಪ್ಪಾ ಸಾಕು ಎಂದು ಇಬ್ಬರೂ ಬೇರೆಯಾದರು. ಹೆಂಡತಿ ಮಗಳ ಜೊತೆ ಪಕ್ಕದ ಊರಿನಲ್ಲಿ ಮನೆ ಮಾಡಿದಳು. ಮಗಳಿಗೆ ತಿಂಗಳಿಗೆ ಎಷ್ಟು ಕೊಡುತ್ತೀಯಪ್ಪ ಎಂದು ಹಿರಿಯರು ದರ್ಜಿಯನ್ನು ಕೇಳಿದರು.

ಈ ದರ್ಜಿಯ ಹತ್ತಿರ ಒಂದು ಅಳತೆ ಪುಸ್ತಕವಿತ್ತು. ಊರಿನವರ ಎದೆ, ಸೊಂಟ, ತೋಳು ಎಲ್ಲವೂ ಅದರಲ್ಲಿ. ಗಿರಾಕಿ ಬಟ್ಟೆ ಕಳಿಸಿದರೆ ಸಾಕು, ಹಾಳೆ ತಿರುವಿ ಕತ್ತರಿ ಹಾಕುತ್ತಿದ್ದ. ಆದರೆ ಮಕ್ಕಳ ಅಳತೆಯನ್ನು ಮಾತ್ರ ಅದರಲ್ಲಿ ಬರೆಯುತ್ತಿರಲಿಲ್ಲ. ಮಗುವನ್ನು ಕರೆತನ್ನಿ, ಆಗದಿದ್ದರೆ ಬಟ್ಟೆ ವಾಪಸು ಒಯ್ಯಿರಿ ಅನ್ನುತ್ತಿದ್ದ. ಪ್ರತಿ ಸಲವೂ ಮಗುವನ್ನು ಎದುರಿಗೆ ನಿಲ್ಲಿಸಿ ಟೇಪು ಹಿಡಿಯಬೇಕು. ಹಿಡಿದ ಮೇಲೂ ಅಂಚನ್ನು ನಾಲ್ಕು ಬೆರಳು ಒಳಗೆ ಮಡಿಸಿ ಹೊಲಿಯಬೇಕು, ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಅಂತ. ಇದು ಅವನಪ್ಪ ಕಲಿಸಿದ ಪಾಠ.

ಅಂಥವನು ತನ್ನ ಮಗಳ ಖರ್ಚಿಗೆ ಏನು ಮಾಡಿದ ಗೊತ್ತೇ? ಅಂಗಡಿಯಲ್ಲಿ ಕೂತು ನೆನಪಿನಿಂದಲೇ ಬರೆದ. ಮಗಳಿಗೆ ಬೆಳಿಗ್ಗೆ ಒಂದು ದೋಸೆಗೆ ಹೊಟ್ಟೆ ತುಂಬುತ್ತದೆ. ವರ್ಷಕ್ಕೆ ಒಂದು ಜೊತೆ ಚಪ್ಪಲಿ. ಹಾಲು ಕಂಡರೆ ಮುಖ ತಿರುಗಿಸುತ್ತಾಳೆ, ಆದ್ದರಿಂದ ಹಾಲಿನ ದುಡ್ಡು ಬೇಡ. ಮೊತ್ತ ಹಾಕಿ, "ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ" ಎಂದು ಬೀಗಿದ. ಮಾತಿಗೆ ತಪ್ಪುವವನಲ್ಲ ಬಿಡು. ತಿಂಗಳ ಮೊದಲನೆಯ ದಿನವೇ ಅಷ್ಟನ್ನೂ ಕಳಿಸುತ್ತಿದ್ದ. ದುಡ್ಡು ಹೋಗುತ್ತಿತ್ತು, ಅವನು ಹೋಗುತ್ತಿರಲಿಲ್ಲ. ಹೀಗೇ ಎರಡು ವರ್ಷ ಕಳೆಯಿತು.

ದೀಪಾವಳಿ ಹತ್ತಿರ ಬಂದಾಗ ಒಂದು ಹುಡುಗಿ ಅಂಗಡಿಯ ಮುಂದೆ ಬಂದು ನಿಂತಳು. ಕಂಕುಳಲ್ಲಿ ಒಂದು ಗಂಟು. ದರ್ಜಿ ಸೂಜಿಗೆ ದಾರ ಪೋಣಿಸುತ್ತಾ, "ಯಾರ ಮನೆಯವಳಮ್ಮ? ಏನು ಹೊಲಿಯಬೇಕು?" ಎಂದು ಕೇಳಿದ.

ಹುಡುಗಿ ಕಿಸಕ್ಕನೆ ನಕ್ಕಳು. "ಅಪ್ಪಾ, ನಾನು!"

ದರ್ಜಿಯ ದಾರ ಕೆಳಗೆ ಬಿತ್ತು. ಅವಳು ಗಂಟು ಬಿಚ್ಚಿ ಹೊಸ ಬಟ್ಟೆಯ ಜೊತೆ ಒಂದು ಹಳೆಯ ಲಂಗ ಮುಂದಿಟ್ಟಳು. ಹಬ್ಬಕ್ಕೆ ಇದೇ ಅಳತೆಗೆ ಹೊಲಿಯಬೇಕಂತೆ, ಅಮ್ಮ ಹೇಳಿ ಕಳಿಸಿದ್ದಾಳೆ ಎಂದಳು. ದರ್ಜಿ ಲಂಗವನ್ನು ಅವಳ ಸೊಂಟಕ್ಕೆ ಹಿಡಿದು ನೋಡಿದ. ಅದು ಮೊಣಕಾಲಿಗೇ ನಿಂತಿತು.

"ನಿಮ್ಮಮ್ಮನಿಗೆ ತಲೆ ಕೆಟ್ಟಿದೆಯೇನೇ? ಬೆಳೆಯೋ ಹುಡುಗಿಗೆ ಎರಡು ವರ್ಷದ ಹಿಂದಿನ ಅಳತೆಗೆ ಯಾವ ದರ್ಜಿ ಹೊಲಿಯುತ್ತಾನೆ?"

"ನೀನು ಹೀಗೇ ಬೈಯುತ್ತೀಯ ಅಂತ ಅಮ್ಮನಿಗೆ ಗೊತ್ತಿತ್ತು. ಬೈದರೆ, ದುಡ್ಡು ಬರುತ್ತಿರುವುದು ಯಾವ ವರ್ಷದ ಅಳತೆಗೆ ಅಂತ ಕೇಳಿಕೊಂಡು ಬಾ ಅಂದಳು."

ದರ್ಜಿ ಹಳೆಯ ಲಂಗವನ್ನು ಕೆಳಗಿಟ್ಟ. ಆಮೇಲೆ ನಕ್ಕ ನೋಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಯ್ಯೋ ಶಿವನೇ, ಬೇರೆಯಾದ ಮೇಲೂ ಗೆಲ್ಲುವವಳು ಅವಳೇ!" ಎಂದ. ಮಗಳನ್ನು ಬೆಳಕಿಗೆ ನಿಲ್ಲಿಸಿ ಟೇಪು ಹಿಡಿದ. ಹಿಡಿಯುತ್ತಲೇ ಒಂದೊಂದಾಗಿ ಕೇಳಿದ. ದೋಸೆ ಈಗ ನಾಲ್ಕು. ಹಾಲು ದಿನಕ್ಕೆ ಎರಡು ಲೋಟ. ಚಪ್ಪಲಿ ಕೇಳಿದ್ದಕ್ಕೆ ಅವಳು ಕಾಲೆತ್ತಿ ತೋರಿಸಿದಳು, ಹಿಮ್ಮಡಿ ಅರ್ಧ ಹೊರಗಿತ್ತು. ಆ ಹಬ್ಬಕ್ಕೆ ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಬಿಟ್ಟ ಹಾಗೆ ತಿಂಗಳ ದುಡ್ಡಿನಲ್ಲೂ ಬೆಳೆಯಲು ಜಾಗ ಬಿಟ್ಟ. ಅಲ್ಲಿಂದ ಮುಂದೆ ಮಗಳನ್ನು ಎದುರಿಗೆ ನಿಲ್ಲಿಸಿಕೊಳ್ಳದೆ ಅವಳ ಲೆಕ್ಕ ಬರೆಯಲಿಲ್ಲ.

ಕತೆ ಮುಗಿಯಿತು. ಗುರುಮಲ್ಲನೂ ಮನಸಾರೆ ನಕ್ಕ. ಅವನಿಗೆ ದಾರಿ ಸಿಕ್ಕಿದಂತಾಗಿತ್ತು. "ಸರಿ ಬುದ್ಧಿ, ನನ್ನ ಪಟ್ಟಿಗೂ ಹಾಲು ಸೇರಿಸುತ್ತೇನೆ. ಮೇಲೆ ನೂರಕ್ಕೆ ಹತ್ತು ಹೆಚ್ಚಿಟ್ಟು ಮಡಿಕೆಯನ್ನೂ ಬಿಡುತ್ತೇನೆ. ನಾಳೆ ಹಿರಿಯರ ಮುಂದೆ ಇಟ್ಟರೆ ಆಯಿತಲ್ಲ?" ಎಂದು ಪಟ್ಟಿಗೆ ಕೈ ಚಾಚಿದ.

ಸ್ವಾಮಿಗಳು ಪಟ್ಟಿಯನ್ನು ಕೊಡಲಿಲ್ಲ. ಅವನನ್ನು ಎದ್ದು ನಿಲ್ಲುವಂತೆ ಹೇಳಿದರು. ಗುರುಮಲ್ಲ ನಿಂತ.

"ನಿನ್ನ ಮಗಳು ಈಗ ಎತ್ತರದಲ್ಲಿ ನಿನ್ನ ಎಲ್ಲಿಯವರೆಗೆ ಬರುತ್ತಾಳೆ, ಕೈಯಿಟ್ಟು ತೋರಿಸು."

ಗುರುಮಲ್ಲನ ಕೈ ಸೊಂಟದ ಹತ್ತಿರ ಹೋಯಿತು, ಎದೆಯವರೆಗೆ ಏರಿತು, ಮತ್ತೆ ಇಳಿಯಿತು, ಎಲ್ಲಿಯೂ ನಿಲ್ಲಲಿಲ್ಲ.