ಏಣಿಗಲ್ಲಿಗೆ ಆ ಹೆಸರು ಬಂದದ್ದು

ಮದನೂರ ಪೇಟೆಯ ಏಣಿಗಲ್ಲಿಯಲ್ಲಿ ಇಂದು ಏಣಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಸಿಗುತ್ತದೆ: ಸ್ಟೀಲ್ ಪಾತ್ರೆ, ಮೊಬೈಲ್ ಕವರು, ಮದುವೆ ಪತ್ರಿಕೆ. ಗಲ್ಲಿಯ ಕೊನೆಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಿದೆ. ಊರವರ ಬಾಯಲ್ಲಿ ಅದು ಬಣ್ಣದ ಮಸೂತಿ. ಪಡುವಣ ಗೋಡೆಯಲ್ಲಿ ಮೂರಾಳೆತ್ತರದಲ್ಲಿ ಬಣ್ಣದ ಗಾಜಿನ ದೊಡ್ಡ ಕಿಟಕಿ. ದೇವರಿಗೆ ರೂಪ ಕೊಡದ ಜನ ಅವರು. ಹಾಗಾಗಿ ಗಾಜಿನಲ್ಲಿ ಮನುಷ್ಯರಿಲ್ಲ. ಗಾಣ ತಿರುಗಿದಂತೆ ಸುತ್ತುವ ನೀಲಿ, ಅರಿಶಿನ, ಕುಂಕುಮದ ಚೂರುಗಳಷ್ಟೇ.

ಹಿಂದೆ ಒಮ್ಮೆ, ಕುಲಕಸುಬಾದ ಎಣ್ಣೆಗಾಣ ಬಿಟ್ಟು ಈ ಜನರ ಮಕ್ಕಳು ಗುಮಾಸ್ತರಾಗಿದ್ದ ಕಾಲದಲ್ಲಿ, ಆ ಕಿಟಕಿ ಮಾಡಿದವಳು ಅವರದೇ ಹುಡುಗಿ ದೀನಾ. ಮುಂಬಯಿಯಲ್ಲಿ ಹೊಸ ಬಗೆಯ ಗಾಜಿನ ಕಲೆ ಕಲಿತು ಬಂದಿದ್ದಳು. ಮಂದಿರದ ಹಿರಿಯ ಎಲಿಜಾ ಮುಕಾದಮರಿಗೆ ಕಿಟಕಿಯ ನಟ್ಟನಡುವೆ ತಮ್ಮ ತಂದೆಯ ಹೆಸರು ಬೇಕಿತ್ತು. "ಜಾಗ ಇಲ್ಲ ಕಾಕಾ" ಎಂದಳು ದೀನಾ. ಜಾಗ ಬೇಕಾದಷ್ಟಿತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಕೊನೆಯ ಚೂರು ಕೂರಿಸಿದ್ದು ಶುಕ್ರವಾರ ಸಂಜೆ. ಅವರಲ್ಲಿ ಶುಕ್ರವಾರದ ಸೂರ್ಯ ಮುಳುಗಿದರೆ ಶನಿವಾರ ಚುಕ್ಕಿ ಮೂಡುವವರೆಗೆ ಯಾವ ಕೆಲಸವೂ ಕೂಡದು. ಒಳಬದಿಯಲ್ಲಿ ಕಿಟಕಿಯ ಕೆಳಗಿನ ಕಿರಿದಾದ ಕಲ್ಲಿನ ಅಂಚಿನ ಮೇಲೆ ನಿಂತಿದ್ದ ದೀನಾ "ಬಂದೆ, ಒಂದೇ ನಿಮಿಷ" ಎಂದಳು. ಆ ನಿಮಿಷದಲ್ಲಿ ಮುಕಾದಮರು ಏಣಿ ಎಳೆದು ನೆಲಕ್ಕೆ ಮಲಗಿಸಿದರು. ಸೂರ್ಯ ಮುಳುಗಿತು.

"ಕಾಕಾ, ಏಣಿ!"

"ಮುಳುಗೋ ಮುಂಚೆ ತೆಗೆದದ್ದು ತಪ್ಪಲ್ಲ. ಈಗ ಎತ್ತಿದರ ಅದು ಕೆಲಸ. ಜಾಗ ಇಲ್ಲ ಅಂದ್ಯಲ್ಲವಾ, ನಿನಗ ಎಷ್ಟು ಐತಿ ನೋಡ್ಕೋ."

ಜೀವ ಉಳಿಸಲು ಆ ದಿನದ ಕಟ್ಟು ಮುರಿಯಬಹುದೆಂದು ಅವರ ಧರ್ಮವೇ ಹೇಳುತ್ತದೆ. ಮುಕಾದಮರ ಎದುರಿಗೆ ಅದು ಯಾರಿಗೂ ನೆನಪಾಗಲಿಲ್ಲ. ಸೇರಿದ್ದವರೆಲ್ಲ ಅವಳ ಕಾಲಡಿಯಲ್ಲೇ ಪ್ರಾರ್ಥನೆ ಮುಗಿಸಿ, ಬಾಗಿಲಿಗೆ ಬೀಗ ಜಡಿದು ಹೋದರು. ಬೆಳಿಗ್ಗೆ ಬಂದು ಮತ್ತೆ ಪ್ರಾರ್ಥಿಸಿದರು. ಒಬ್ಬ ಹೆಂಗಸು ನೀರಿನ ತಂಬಿಗೆಗೆ ಹಗ್ಗ ಕಟ್ಟಹೋದಾಗ, ಗಂಟು ಹಾಕುವುದೂ ಕೆಲಸವೇ ಎಂದರು ಮುಕಾದಮರು. ಅದು ನಿಜವೂ ಹೌದು. ಆಕೆ ತಂಬಿಗೆ ಕೆಳಗಿಟ್ಟಳು. ಮತ್ತೆ ಬೀಗ ಬಿತ್ತು.

ಮಧ್ಯಾಹ್ನ ಪಡುವಣ ಬಿಸಿಲು ಗಾಜಿಗೆ ತಾಗಿತು. ದೀನಾಳ ಕಣ್ಣಿಗೆ ಕತ್ತಲೆ ಕವಿಯುತ್ತಿದ್ದಾಗ, ಹೊರಗೆ ಗೋಡೆಗೆ ಏನೋ ಒರಗಿದ ಸದ್ದು. ಗಲ್ಲಿಯಲ್ಲಿ ಸುಣ್ಣ ಬಳಿಯುವ ಚಾಂದ್‌ಬೀ ಗಾಜಿಗೆ ಒರಗಿದ ನೆರಳು ಕಂಡು ತನ್ನ ಬಿದಿರೇಣಿ ತಂದು ಹತ್ತಿದ್ದಳು. ಇಬ್ಬರ ನಡುವೆ ಇದ್ದದ್ದು ಕಿಟಕಿಯೊಂದೇ.

"ಅಕ್ಕಾ, ಒಡಿ!"

"ಮೂರು ವರ್ಷ ಆತು ಚಾಂದ್‌ಬೀ, ಇದಕ್ಕ."

"ಬಿದ್ದು ಸತ್ತರ ನಿನ್ನ ಹೆಣದ ಮ್ಯಾಲ ಚಂದಾಗಿ ಬಣ್ಣ ಬೀಳತೈತಿ, ಅಷ್ಟ. ಒಡಿ ಅಂದ್ರ ಒಡಿ!"

ದೀನಾ ಅಂಗೈ ಹರವಿ ಗಾಜನ್ನು ಒಮ್ಮೆ ಸವರಿದಳು. ಆಮೇಲೆ ಸೊಂಟದ ಸುತ್ತಿಗೆ ತೆಗೆದು ನಡುವಿನ ನೀಲಿಗೆ ಹೊಡೆದಳು. ಸೀಸದ ಪಟ್ಟಿಗಳನ್ನು ಬಗ್ಗಿಸಿ ತೂರಿಕೊಳ್ಳುವಾಗ ಬಲಗೈಯ ಮಣಿಕಟ್ಟು ಸೀಳಿತು. ಜೀವ ಉಳಿಯಿತು, ಬೆರಳುಗಳು ಮತ್ತೆ ಮಡಚಲಿಲ್ಲ. ಭಾನುವಾರ ಮುಕಾದಮರು ಎಲ್ಲರನ್ನೂ ಕೂರಿಸಿ ತೀರ್ಪು ಕೊಟ್ಟರು: ಶನಿವಾರದಂದು ಸುತ್ತಿಗೆ ಹಿಡಿದು ಕೆಲಸ ಮಾಡಿದವಳು ದೀನಾ ಒಬ್ಬಳೇ, ಅವಳು ಇನ್ನು ಮಂದಿರದೊಳಗೆ ಕಾಲಿಡುವಂತಿಲ್ಲ. ರಕ್ತ ಇಳಿದ ಆ ಬಿದಿರೇಣಿಯಿಂದ ಯಾರೂ ಮನೆಗೆ ಸುಣ್ಣ ಬಳಿಸಿಕೊಳ್ಳಲು ಒಪ್ಪಲಿಲ್ಲ. ಗೆದ್ದಲು ತಿಂದು ಮುಗಿಸುವವರೆಗೂ ಅದು ಅದೇ ಗೋಡೆಗೆ ಒರಗಿತ್ತು, ಗಲ್ಲಿಗೆ ಹೆಸರು ಹಾಗೆ ಬಂತು ಎನ್ನುತ್ತಾರೆ.

ಒಡೆದ ಜಾಗಕ್ಕೆ ಬಣ್ಣದ ಗಾಜು ಮಾಡುವವರು ಸಿಗದೆ ಸಾದಾ ಗಾಜು ಹಾಕಿದರು. ಆಳೊಂದು ತೂರುವಷ್ಟು ದೊಡ್ಡದಾದ ಆ ಬಿಳಿ ತುಂಡನ್ನು ಇಂದಿಗೂ ನೋಡಬಹುದು. ಬಣ್ಣದ ಬೆಳಕು ಬಿದ್ದಲ್ಲಿ ಪ್ರಾರ್ಥನೆಯ ಪುಸ್ತಕದ ಸಣ್ಣ ಅಕ್ಷರ ಕಾಣುವುದಿಲ್ಲ. ಈ ತುಂಡಿನ ಬೆಳಕು ಬೀಳುವ ಬೆಂಚಿನಲ್ಲಿ ಚೆನ್ನಾಗಿ ಕಾಣುತ್ತದೆ. ಕಣ್ಣು ಮಂಜಾದ ಮೇಲೆ ಮುಕಾದಮರು ಸಾಯುವವರೆಗೂ ಅಲ್ಲೇ ಕೂತು ಓದಿದರಂತೆ. ನೋಡಲು ಬಂದವರಿಗೆ ಕಾವಲುಗಾರ ಈಗಲೂ ಅದೇ ಬೆಂಚು ತೋರಿಸುತ್ತಾನೆ: "ಇಲ್ಲಿ ಕೂಡ್ರಿ. ಇಡೀ ಮಸೂತಿಗೆ ಭಾಳ ಚಲೋ ಜಾಗ ಇದ."