ಬಾಯಿ ತೆರೆಯದ ಕ್ಷಾರ

ಪ್ರಯೋಗಶಾಲೆಯ ಕಪಾಟಿನಲ್ಲಿ, ಗಾಜಿನ ಬಿರಡೆ ಹಾಕಿದ ಶೀಶೆಯೊಳಗೆ, ಅಪ್ಪಟ ಕಾಸ್ಟಿಕ್ ಕ್ಷಾರವಿತ್ತು. ಪಕ್ಕದ ವಾಷಿಂಗ್ ಸೋಡಾ ದಿನವೂ ಮೇಜಿಗಿಳಿದು ಬೀಕರುಗಳನ್ನೆಲ್ಲ ಮಾತಾಡಿಸಿ ಬರುತ್ತಿತ್ತು.

"ನೀವೂ ಆಗಾಗ ಬಾಯಿ ತೆರೆಯಿರಿ. ನೀವಿರುವುದು ನಾಲ್ಕು ಜನಕ್ಕೆ ತಿಳಿಯಲಿ," ಎಂದಿತು ಸೋಡಾ.

"ನನ್ನ ಗುಣವನ್ನು ನಾನೇ ಸಾರಿಕೊಂಡು ತಿರುಗಲೆ? ಬೇಕಾದವರು ಹುಡುಕಿಕೊಂಡು ಬರುತ್ತಾರೆ," ಎಂದು ಕ್ಷಾರ ತುಟಿ ಬಿಗಿದು ಕೂತಿತು.

ವರ್ಷಗಳು ಕಳೆದ ಮೇಲೆ ಹುಡುಕಿಕೊಂಡೇ ಬಂದರು. ಕೆಮಿಸ್ಟ್ ಇಂದುಮತಿ ಶೀಶೆಯ ಧೂಳು ಒರೆಸಿ, "ನನಗೆ ಬೇಕಾಗಿದ್ದುದು ಇದೇ," ಎಂದರು. ಕ್ಷಾರದ ಎದೆ ಉಬ್ಬಿತು.

ಆದರೆ ಇಂದುಮತಿ ಎಷ್ಟು ತಿರುಚಿದರೂ ಬಿರಡೆ ಮಿಸುಕಲಿಲ್ಲ. ಇಷ್ಟು ಕಾಲ ಮುಚ್ಚಿಕೊಂಡೇ ಇದ್ದ ಕ್ಷಾರ ತಾನೇ ಗಾಜನ್ನು ತಿಂದು, ಬಿರಡೆಯನ್ನು ಶೀಶೆಯ ಕತ್ತಿಗೆ ಬೆಸೆದುಬಿಟ್ಟಿತ್ತು. "ಇಲ್ಲೇ ಇದ್ದೇನೆ," ಎಂದು ಅದು ಒಳಗಿನಿಂದ ಕೂಗಿತು. ಸದ್ದು ಗಾಜು ದಾಟಲಿಲ್ಲ.

"ಹೋಗಲಿ, ಸೋಡಾದಲ್ಲೇ ಆಗುತ್ತದೆ," ಎಂದು ಇಂದುಮತಿ ಶೀಶೆಯನ್ನು ಬಿಸಾಡುವ ಸಾಮಾನಿನ ಜೊತೆಗಿಟ್ಟು, ಕೈ ತೊಳೆದುಕೊಂಡರು.